ಚಿನ್ನುವಿನ ಬಾಲ ಸಣ್ಣಗಾದಾಗ

ಬಿಬವೇವಾಡಿಯ ಆ ಮೂರನೇ ಮಹಡಿಯ ಮನೆಯ ಬಾಗಿಲು ತೆರೆದವಳ ಎರಡೂ ಕೈಗಳಲ್ಲಿ ಮೊಣಕೈವರೆಗೆ ಸೋಪಿನ ನೊರೆಯಿತ್ತು. ಮಿಥುನ ಎದೆಗವಚಿಕೊಂಡು ತಂದಿದ್ದ ಪ್ಲಾಸ್ಟಿಕ್ ಡಬ್ಬಿಯನ್ನು ಮೇಜಿನ ಮೇಲಿಡುವಂತೆ ಅವಳು ಗದ್ದದಿಂದಲೇ ಸನ್ನೆ ಮಾಡಿದಳು.

ಡಬ್ಬಿಯೊಳಗಿದ್ದದ್ದು ಅವನ ಲೆಪರ್ಡ್ ಗೆಕ್ಕೊ, ಚಿನ್ನು. ಗೋಡೆಯ ಹಲ್ಲಿಗೆ ದೂರದ ನೆಂಟ. ಹಳದಿ ಮೈ, ಚಿರತೆಯ ಹಾಗೆ ಕರಿಚುಕ್ಕೆ, ಮನೆಹಲ್ಲಿಗಿಲ್ಲದ ರೆಪ್ಪೆ. ಅದೇ ನಗರದ ಇನ್ನೊಂದು ತುದಿಯ ಖರಾಡಿಯ ಬಾಡಿಗೆ ಫ್ಲ್ಯಾಟಿನಲ್ಲಿ ಎರಡು ವರ್ಷದಿಂದ ಅವನು ಆಫೀಸಿನಿಂದ ಬಂದಾಗ ಕಣ್ಣು ಮಿಟುಕಿಸಿ ನೋಡುತ್ತಿದ್ದ ಜೀವ ಅದೊಂದೇ. ತಂಗಿಯ ನಿಶ್ಚಿತಾರ್ಥಕ್ಕೆ ಅವನು ಆ ಸಂಜೆಯೇ ಮೈಸೂರಿನ ಬಸ್ಸು ಹಿಡಿಯಬೇಕಿತ್ತು. ಊರಿಗೆ ಹೋಗುವವರ ಗೆಕ್ಕೊಗಳನ್ನು ದೀಪಾಲಿ ಎಂಬವಳು ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುತ್ತಾಳೆಂದು ಆಫೀಸಿನಲ್ಲಿ ಯಾರೋ ಹೇಳಿದ್ದರು.

ಮಾತು ಹಿಂದಿಯಲ್ಲಿ ಶುರುವಾಗಿತ್ತು. ಅಷ್ಟರಲ್ಲಿ ಅವನ ಅಮ್ಮನ ಫೋನು ಬಂತು. ಹೊರಟೆ ಅಂದ್ನಲ್ಲಮ್ಮ ಎಂದು ಪಿಸುಗುಟ್ಟಿ ಅವನು ಫೋನಿಟ್ಟಾಗ ಅವಳು ತುಟಿ ಕಚ್ಚಿ ನಗು ತಡೆಯುತ್ತಿದ್ದಳು.

“ಕನ್ನಡದವ್ರೇನ್ರಿ? ಮೊದಲ ಹೇಳಬಾರದಾ?”

“ನೀವು ಕೇಳ್ಲಿಲ್ಲವಲ್ಲ.”

“ನಾವು ವಿಜಾಪುರದ ಕಡೆಯವ್ರು. ನಮ್ಮ ಮಾತು ನಿಮಗ ತಿಳೀತದೋ ಇಲ್ಲೋ.”

“ನಿಧಾನವಾಗಿ ಹೇಳಿದ್ರೆ ತಿಳಿಯುತ್ತೆ.”

ಅವಳು ಹುಬ್ಬೇರಿಸಿದಳು. ಆ ನೋಟ ಬೇಕಾದದ್ದಕ್ಕಿಂತ ಒಂದು ಕ್ಷಣ ಹೆಚ್ಚಾಗಿ ಅವನ ಮೇಲೆ ನಿಂತು, ಆಮೇಲೆ ಮೇಜಿನ ಮೇಲಿದ್ದ ತಕ್ಕಡಿಯ ಕಡೆ ಇಳಿಯಿತು.

ಚಿನ್ನು ನಲವತ್ತೆಂಟು ಗ್ರಾಂ ತೂಗಿತು. ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಮೊದಲು ಎಷ್ಟಿತ್ತೆಂದು ಕೇಳಿದಳು. ಮಿಥುನನಿಗೆ ಗೊತ್ತಿತ್ತು. ಜೂನ್‌ನಲ್ಲಿ ಅರವತ್ತೊಂದು, ಆಗಸ್ಟ್‌ನಲ್ಲಿ ಐವತ್ತನಾಲ್ಕು. ಹಿಂದಿನ ವಾರ ಎರಡು ಸಲ ತಿಂದ ಹುಳವನ್ನು ಅರಗಿಸದೆ ಹಾಗೇ ಕಕ್ಕಿತ್ತು. ಕಾಯಿಲೆಯ ಪ್ರಾಣಿಯನ್ನು ಇಟ್ಟುಕೊಳ್ಳುವುದಿಲ್ಲವೆಂದು ಬೇರೆ ಇಬ್ಬರು ಆಗಲೇ ಅವನನ್ನು ವಾಪಸು ಕಳಿಸಿದ್ದರು. ಬಸ್ಸಿಗೆ ಮೂರು ಗಂಟೆ ಉಳಿದಿತ್ತು.

“ಯಾವಾಗ್ಲೂ ಐವತ್ತರ ಆಸುಪಾಸು,” ಎಂದ.

ಅವಳು ಒಮ್ಮೆ ಚಿನ್ನುವಿನ ಬಾಲ ನೋಡಿದಳು, ಒಮ್ಮೆ ಅವನನ್ನು. ಆಮೇಲೆ ಡಬ್ಬಿ ಒಳಗೊಯ್ದಳು.

ಮೈಸೂರಿನಲ್ಲಿದ್ದ ಹತ್ತು ದಿನವೂ ಅವನು ಚಿನ್ನುವನ್ನು ನೋಡುವ ನೆಪದಲ್ಲಿ ವಿಡಿಯೊ ಕಾಲ್ ಮಾಡಿದ. ಮೊದಲೆರಡು ದಿನ ಪರದೆಯಲ್ಲಿ ಗೆಕ್ಕೊ ಮಾತ್ರ ಕಂಡಿತು. ಮೂರನೇ ದಿನ ಅವಳ ಬೆರಳು, ಬಳೆ. ಐದನೇ ದಿನ ಅವಳ ನಗು ಇಡೀ ಪರದೆ ತುಂಬಿ ಚಿನ್ನು ಎಲ್ಲಿದೆಯೆಂದು ಇಬ್ಬರೂ ಮರೆತರು.

ಮಾರ್ಕೆಟ್ ಯಾರ್ಡಿನ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಅವಳು ಕ್ಲರ್ಕ್. ಮನೆಯಲ್ಲಿ ಅವಳು ಮತ್ತು ತಾಯಿ ಶಿವಗಂಗವ್ವ ಇಬ್ಬರೇ. ಅವಳ ಸ್ವಂತದ್ದು ಎರಡು ಗೆಕ್ಕೊ. ಹಿರಿಯದಕ್ಕೆ ಹನ್ನೊಂದು ವರ್ಷ. ಅತ್ತೆಯ ಹಾಗೆಯೇ ದುರುಗುಟ್ಟುತ್ತದೆಂದು ಶಿವಗಂಗವ್ವ ಅದಕ್ಕೆ ಅತ್ತೆಯ ಹೆಸರನ್ನೇ ಇಟ್ಟಿದ್ದರು, ಯಂಕವ್ವ. ಚಿಕ್ಕದು ಸಜ್ಜಿ. ಇವೆರಡರ ಜೊತೆ ಮೋತಿ ಎಂಬ ಇನ್ನೊಂದು ಗೆಕ್ಕೊ. ಅದು ತಳೇಗಾಂವದ ಪ್ರಣವ ಎಂಬವನದು. ಕಾರ್ಖಾನೆಯವರು ಅವನನ್ನು ನಾಲ್ಕು ತಿಂಗಳ ಟ್ರೇನಿಂಗಿಗೆ ಚೆನ್ನೈಗೆ ಕಳಿಸಿದ್ದರು.

ವಾಪಸಾದ ಮೇಲೆ ಚಿನ್ನುವನ್ನು ಒಯ್ಯಲು ಬಂದ ಮಿಥುನ ಒಯ್ಯಲಿಲ್ಲ. ಮೈ ತುಂಬುವವರೆಗೆ ಇರಲಿ ಎಂದು ಅವಳು ಹೇಳಿದ್ದಳು; ಅವನು ಎರಡನೇ ಮಾತಾಡಲಿಲ್ಲ. ಭಾನುವಾರ ಬಂತೆಂದರೆ ಖರಾಡಿಯಿಂದ ಎರಡು ಬಸ್ಸು ಬದಲಿಸಿ ಬರತೊಡಗಿದ. ಅವಳು ಕಲಿಸಿದಳು: ಹೊಟ್ಟೆಯಡಿ ಬಿಸಿಯಿರದಿದ್ದರೆ ಇವಕ್ಕೆ ಅರಗುವುದಿಲ್ಲ, ಹುಳಕ್ಕೆ ಕ್ಯಾಲ್ಸಿಯಂ ಪುಡಿ ಹಚ್ಚದಿದ್ದರೆ ಮೂಳೆ ಬಾಗುತ್ತದೆ, ಪೊರೆ ಬಿಟ್ಟ ದಿನ ಪ್ರತಿ ಬೆರಳನ್ನೂ ನೋಡಬೇಕು, ಅಂಟಿ ಉಳಿದ ಪೊರೆ ಬೆರಳನ್ನೇ ತಿನ್ನುತ್ತದೆ. ಗಾಜಿನ ಪೆಟ್ಟಿಗೆಯ ಆಚೆ ಅವಳು, ಈಚೆ ಅವನು ಬಗ್ಗಿರುತ್ತಿದ್ದರು. ಗಾಜಿನಲ್ಲಿ ಅವಳ ಕಣ್ಣು ಅವನ ಕಣ್ಣನ್ನು ಹಿಡಿದಾಗ ಇಬ್ಬರಲ್ಲೊಬ್ಬರು ಸುಮ್ಮನೆ ಥರ್ಮಾಮೀಟರ್ ಓದುತ್ತಿದ್ದರು.

“ಮೂವತ್ತೆರಡು,” ಎನ್ನುವಳು ಅವಳು.

“ಆಗ್ಲೇ ಹೇಳಿದ್ರಿ.”

“ಇನ್ನೂ ಅಷ್ಟೇ ಅದ.”

ಹಲ್ಲಿ ಸಾಕುವ ಮನೆಗೆ ಹೆಣ್ಣು ಕೇಳಿಕೊಂಡು ಯಾರು ಬರುತ್ತಾರೆಂದು ಶಿವಗಂಗವ್ವ ಅಡುಗೆಮನೆಯಿಂದ ಗೊಣಗುತ್ತಿದ್ದರು. ಗೊಣಗುತ್ತಲೇ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದರು.

ಚಿನ್ನುವಿನ ಮೈ ತುಂಬಲಿಲ್ಲ. ದೀಪಾವಳಿ ಮುಗಿಯುವಷ್ಟರಲ್ಲಿ ನಲವತ್ತೊಂದಕ್ಕೆ ಇಳಿಯಿತು. ಗೆಕ್ಕೊ ತನ್ನ ಕೊಬ್ಬನ್ನೆಲ್ಲ ಬಾಲದಲ್ಲಿ ಕೂಡಿಡುತ್ತದೆ. ಚಿನ್ನುವಿನ ಬಾಲ ಕಡ್ಡಿಯಂತಾಗಿ ಒಳಗಿನ ಎಲುಬಿನ ಗಂಟುಗಳು ಕಾಣತೊಡಗಿದವು. ಹಿಕ್ಕೆ ನೀರಾಗಿ ನಾರುತ್ತಿತ್ತು. ನವೆಂಬರ್ ಕೊನೆಯಲ್ಲಿ ಯಂಕವ್ವ ಒಂದು ಹುಳ ಕಕ್ಕಿತು. ದೀಪಾಲಿ ನಾಲ್ಕರ ಹಿಕ್ಕೆಯನ್ನೂ ಬೇರೆಬೇರೆ ಡಬ್ಬಿಯಲ್ಲಿ ತುಂಬಿ ಪರೀಕ್ಷೆಗೆ ಕಳಿಸಿದಳು.

ಸರೀಸೃಪಗಳನ್ನು ನೋಡುವ ಡಾಕ್ಟರಮ್ಮ ರಿಪೋರ್ಟನ್ನು ಮರಾಠಿಯಲ್ಲಿ ಮೆಲ್ಲಗೆ ವಿವರಿಸಿದರು. ಕ್ರಿಪ್ಟೊ ಎಂದು ಕರೆಯುತ್ತಾರೆ. ಕರುಳಿನಲ್ಲಿ ಬೇರೂರುವ, ಕಣ್ಣಿಗೆ ಕಾಣದ ಪರಾವಲಂಬಿ ಜೀವಿ. ಹಿಕ್ಕೆಯಿಂದ ಹರಡುತ್ತದೆ, ಚಿಮಟ, ನೀರಿನ ಬಟ್ಟಲು, ಕೈ, ಹುಳ, ಯಾವುದು ತಾಗಿದರೂ ಸಾಕು. ಸಾಮಾನ್ಯ ಸೋಪಿಗೆ, ಬ್ಲೀಚಿಗೆ ಜಗ್ಗುವುದಿಲ್ಲ. ಗೆಕ್ಕೊಗಳಲ್ಲಿ ಇದನ್ನು ಪೂರ್ತಿ ವಾಸಿ ಮಾಡುವ ಔಷಧವಿಲ್ಲ. ಚಿನ್ನು, ಯಂಕವ್ವ, ಮೋತಿ ಮೂರಕ್ಕೂ ಅಂಟಿತ್ತು. ಸಜ್ಜಿಯ ರಿಪೋರ್ಟಿನಲ್ಲಿ ಮಾತ್ರ ಏನೂ ಕಂಡಿರಲಿಲ್ಲ. ಒಂದೇ ರಿಪೋರ್ಟನ್ನು ನಂಬಬೇಡಿ ಎಂದರು ಡಾಕ್ಟರಮ್ಮ.

ಚಿನ್ನುವಿಗೆ ಆಗ ಕಣ್ಣು ತೆರೆಯಲೂ ತ್ರಾಣವಿರಲಿಲ್ಲ. ನೋವಿಲ್ಲದೆ ಕಳಿಸಿಕೊಡಬಹುದು ಎಂದು ಅವರು ಹೇಳಿದಾಗ ಮಿಥುನ ಒಪ್ಪಿ ತಲೆಯಾಡಿಸಿದ. ಇಂಜೆಕ್ಷನ್ ಕೊಡುವಾಗ ಅವನ ಅಂಗೈಯೇ ಚಿನ್ನುವಿನ ಹಾಸಿಗೆಯಾಗಿತ್ತು. ಅಷ್ಟು ಹಗುರ ಜೀವ. ಹೋದದ್ದು ಕೈಗೆ ತಿಳಿಯಲಿಲ್ಲ. ಡಾಕ್ಟರಮ್ಮ ಸ್ಟೆತಸ್ಕೋಪ್ ಇಟ್ಟು ನೋಡಿ ಹೇಳಬೇಕಾಯಿತು.

ಎಂಟು ದಿನದ ಮೇಲೆ ಯಂಕವ್ವನ ಸರದಿ. ಶಿವಗಂಗವ್ವ ಅಂದು ಒಲೆ ಹಚ್ಚಲಿಲ್ಲ.

ಡಿಸೆಂಬರಿನ ಒಂದು ಭಾನುವಾರ ಮಧ್ಯಾಹ್ನ ಟೆರೇಸಿನ ಮೇಲೆ ಇಬ್ಬರೂ ಖಾಲಿ ಪೆಟ್ಟಿಗೆಗಳನ್ನು ಕುದಿಯುವ ನೀರು ಹೊಯ್ದು ತಿಕ್ಕುತ್ತಿದ್ದರು. ದೀಪಾಲಿ ವಾರದಿಂದ ಒಂದೇ ಮಾತು ಹೇಳುತ್ತಿದ್ದಳು. ಹನ್ನೊಂದು ವರ್ಷ ಸಾಕಿದೆ, ನಾನೇ ಕೊಂದೆ, ಎಲ್ಲಿ ತಪ್ಪಿತೋ ತಿಳಿಯುತ್ತಿಲ್ಲ. ಅಂದೂ ಅದನ್ನೇ ಹೇಳಿದಳು. ಮಿಥುನನ ಕೈ ನಿಂತಿತು.

“ಜೂನ್‌ನಲ್ಲಿ ಚಿನ್ನು ಅರವತ್ತೊಂದು ಗ್ರಾಂ ಇತ್ತು,” ಎಂದ. “ನಿಮ್ಗೆ ಸುಳ್ಳು ಹೇಳ್ದೆ. ಇಲ್ಲಿಗೆ ತರೋ ಮುಂಚೆ ಎರಡು ಸಲ ಕಕ್ಕಿತ್ತು. ಅದನ್ನೂ ಹೇಳ್ಲಿಲ್ಲ.”

ಅವಳು ತಿಕ್ಕುವುದನ್ನು ನಿಲ್ಲಿಸಲಿಲ್ಲ. “ಯಾಕ?”

“ಮೊದಲು ಬಸ್ಸು ತಪ್ಪುತ್ತೆ ಅಂತ. ಆಮೇಲೆ, ಹೇಳಿದ್ರೆ ನೀವು ಇನ್ನು ಬರಬೇಡ ಅಂತೀರಾ ಅಂತ.”

ಅವಳು ಆ ಪೆಟ್ಟಿಗೆ ತಿಕ್ಕಿ ಮುಗಿಸಿ ಬೋರಲು ಹಾಕಿದಳು. ಆಮೇಲೆ ಅವಳು ತಲೆಯೆತ್ತದೆ, ಹೋಗ್ರಿ, ಎಂದಳು. ಅವನು ಮೆಟ್ಟಿಲಿಳಿಯುವಾಗ ಶಿವಗಂಗವ್ವ ಚಹಾ ಹಿಡಿದು ಹತ್ತಿ ಬರುತ್ತಿದ್ದರು. ಯಾಕಪ್ಪ ಎಂದು ಕೇಳಿದರು. ಅವನು ಗೋಡೆಗೆ ಸರಿದು ಅವರಿಗೆ ದಾರಿ ಬಿಟ್ಟು ಇಳಿದುಹೋದ.

ಹದಿನಾರು ದಿನ ಫೋನಿನಲ್ಲಿ ಅವಳ ಹೆಸರು ಮೂಡಲಿಲ್ಲ. ಖರಾಡಿಯ ಫ್ಲ್ಯಾಟಿನಲ್ಲಿ ಚಿನ್ನುವಿನ ಪೆಟ್ಟಿಗೆಯಿದ್ದ ಮೇಜನ್ನು ಅವನು ಮತ್ತೆ ಮತ್ತೆ ಒರೆಸಿದ. ಕ್ಷಮಿಸಿ ಎಂದು ಬರೆಯುವುದು, ಅಳಿಸುವುದು ನಡೆದೇ ಇತ್ತು. ಹದಿನೇಳನೇ ದಿನ ಅವಳದೇ ಮೆಸೇಜು ಬಂತು. ಪ್ರಣವ ಚೆನ್ನೈಯಿಂದ ಬಂದಿದ್ದಾನೆ, ಭಾನುವಾರ ಒಂಬತ್ತಕ್ಕೆ ಶಿವಾಜಿನಗರ ಸ್ಟೇಷನ್ನಿಗೆ ಬರಬೇಕು. ಅಷ್ಟೇ.

ಲೋಕಲ್ ರೈಲಿನಲ್ಲಿ ಅವಳ ತೊಡೆಯ ಮೇಲೆ ಮೋತಿಯ ಡಬ್ಬಿ. ಯಜಮಾನನನ್ನು ಕೇಳದೆ ಮೋತಿಯ ಬಗ್ಗೆ ಏನನ್ನೂ ತೀರ್ಮಾನಿಸುವುದಿಲ್ಲವೆಂದು ಅವಳು ಡಾಕ್ಟರಮ್ಮನಿಗೆ ಹೇಳಿದ್ದಳಂತೆ. ಫೋನಿನಲ್ಲಿ ಹೇಳುವ ಸುದ್ದಿಯಲ್ಲವೆಂದು ಖುದ್ದಾಗಿ ಹೊರಟಿದ್ದಳು. ರೈಲು ಪಿಂಪ್ರಿ ದಾಟಿತು.

“ನನಗ ಮೊದಲನೇ ದಿನಾನ ಕಂಡಿತ್ತು,” ಎಂದಳು ಆಮೇಲೆ, ಕಿಟಕಿಯ ಕಡೆ ನೋಡುತ್ತಲೇ. “ಬಾಲ ಸಣ್ಣಗಾಗಿತ್ತು. ನೀವು ಸುಳ್ಳು ಹೇಳಲಿಕತ್ತೀರಿ ಅಂತ ಗೊತ್ತಾತು.”

ಮಿಥುನ ಅವಳನ್ನೇ ನೋಡಿದ.

“ಹೊಸಾ ಪ್ರಾಣಿ ಬಂದ್ರ ತಿಂಗಳಗಟ್ಟಲೆ ಹಿಂದಿನ ಖೋಲಿಯೊಳಗ ಬ್ಯಾರೆ ಇಡಬೇಕು. ಅದರ ಚಿಮಟ ಬ್ಯಾರೆ, ಎಲ್ಲಾ ಬ್ಯಾರೆ. ಎಲ್ಲಾರಿಗೂ ಹೇಳಾಕಿ ನಾನ. ಹಿಂದಿನ ಖೋಲಿಯೊಳಗ ನೆಟ್‌ವರ್ಕ್ ಬರಂಗಿಲ್ಲ. ನಿಮ್ಮ ವಿಡಿಯೊ ಕಾಲ್ ಕಟ್ ಆಗ್ತಿತ್ತು. ಮೂರನೇ ದಿನ ಚಿನ್ನೂನ ಹಾಲ್‌ಗೆ ತಂದೆ. ಅದು ತಿನ್ನದ ಬಿಟ್ಟ ಹುಳಾ ಯಂಕವ್ವಗ, ಮೋತಿಗ ಹಾಕಿದೆ. ನಿಮ್ಮ ಜೋಡಿ ಮಾತಾಡಕೋತ.” ಅವಳ ಬೆರಳುಗಳು ಡಬ್ಬಿಯ ಅಂಚನ್ನು ಬಿಗಿಯಾಗಿ ಹಿಡಿದಿದ್ದವು. “ಟೆರೇಸ್ ಮ್ಯಾಲೆ ನೀವು ನಿಮ್ಮದಷ್ಟು ಹೇಳಿದ್ರಿ. ನನ್ನದು ಹೇಳಲಿಕ್ಕೆ ನನಗ ಬಾಯಿ ಬರಲಿಲ್ಲ. ನಿಮ್ಮನ್ನ ಕಳಿಸಿಬಿಟ್ಟೆ.”

ಮಿಥುನ ಡಬ್ಬಿ ಅಲುಗದಂತೆ ಅದರ ಇನ್ನೊಂದು ಅಂಚನ್ನು ಹಿಡಿದುಕೊಂಡ.

ತಳೇಗಾಂವದ ಹೊಸ ಕಾಲೋನಿಯೊಂದರಲ್ಲಿ ಪ್ರಣವನ ಮನೆ. ಅವನು ನಗುತ್ತಲೇ ಬಾಗಿಲು ತೆರೆದ, ಮೋತಿಗೆ ಹೊಸ ಗಾಜಿನ ಪೆಟ್ಟಿಗೆ ತಂದಿಟ್ಟಿದ್ದನ್ನು ತೋರಿಸಿದ. ದೀಪಾಲಿ ಕೂರಲಿಲ್ಲ. ನಿಂತೇ ಎಲ್ಲವನ್ನೂ ಮರಾಠಿಯಲ್ಲಿ ಹೇಳಿದಳು: ರೋಗದ ಹೆಸರು, ಅದಕ್ಕೆ ಔಷಧವಿಲ್ಲದ್ದು, ಇನ್ನುಳಿದ ದಿನಗಳು ಹೇಗಿರುತ್ತವೆ ಎಂಬುದು. ಪ್ರಣವ ಡಬ್ಬಿಯ ಮುಚ್ಚಳ ತೆಗೆದ. ಮೋತಿ ತಲೆಯೆತ್ತಲು ನೋಡಿ, ಆಗದೆ, ಗದ್ದವನ್ನು ಬಟ್ಟೆಯ ಮೇಲಿಟ್ಟಿತು.

ಇದು ಯಾರಿಂದ ಬಂತು ಎಂದು ಪ್ರಣವ ಕೇಳಿದ.

ನನ್ನಿಂದ ಎಂದು ಇಬ್ಬರೂ ಒಟ್ಟಿಗೆ ಹೇಳಿದರು, ಅವಳು ಮರಾಠಿಯಲ್ಲಿ, ಅವನು ಹಿಂದಿಯಲ್ಲಿ.

ಪ್ರಣವ ಬೈಯಲಿಲ್ಲ. ಡಾಕ್ಟರ ನಂಬರು ಬರೆದುಕೊಂಡ, ಮೋತಿಯನ್ನು ತಾನೇ ಕರೆದೊಯ್ಯುತ್ತೇನೆ, ನೀವು ಬರಬೇಡಿ ಎಂದ. ನಾಲ್ಕು ತಿಂಗಳು ದಿನಾ ಫೋಟೋ ಕಳಿಸುತ್ತಿದ್ದಿರಲ್ಲ ಎಂದು ಹೇಳಿ ಬಾಗಿಲು ಮುಚ್ಚಿದ.

ಸ್ಟೇಷನ್ನಿನ ಬೆಂಚಿನ ಮೇಲೆ ಬಿಸಿಲು ಬಿದ್ದಿತ್ತು. ರೈಲಿಗೆ ಇನ್ನೂ ಅರ್ಧ ಗಂಟೆ.

“ನಂಗೆ ನೀನು ಅಂದ್ರೆ ತುಂಬಾ ಇಷ್ಟ, ದೀಪಾಲಿ,” ಎಂದ ಮಿಥುನ. “ಹೇಳೋ ದಿನ ಇದಲ್ಲ. ಆದ್ರೆ ಇನ್ನೇನನ್ನೂ ಮುಚ್ಚಿಟ್ಟುಕೊಳ್ಳೋಕೆ ನನ್ನಿಂದ ಆಗಲ್ಲ.”

“ಗೊತ್ತದ.” ಅವಳು ಹಳಿಗಳನ್ನು ನೋಡುತ್ತಿದ್ದಳು. “ಸಿಟ್ಟು ಇನ್ನೂ ಹೋಗಿಲ್ಲ. ನಿನ್ನ ಮ್ಯಾಲೂ, ನನ್ನ ಮ್ಯಾಲೂ.”

ಅವಳು ಅವನನ್ನು ನೀನು ಎಂದದ್ದು ಅದೇ ಮೊದಲು.

“ಗುರುವಾರ ಸಜ್ಜೀದು ಎರಡನೇ ರಿಪೋರ್ಟ್ ಬರ್ತದ,” ಎಂದಳು. “ರಜಾ ಹಾಕ್ತೀ?”

“ಹಾಕ್ತೀನಿ.”

“ಏನ ಬಂದ್ರೂ?”

“ಏನು ಬಂದ್ರೂ.”

ಅವಳು ತಲೆಯಾಡಿಸಿದಳು. ರೈಲು ಬಂತು. ಇಬ್ಬರಿಗೂ ಎದುರುಬದುರು ಜಾಗ ಸಿಕ್ಕಿತು. ಯಂಕವ್ವ ಹೋದಾಗ, ರಿಪೋರ್ಟ್ ಬಂದಾಗ, ಪ್ರಣವ ಬಾಗಿಲು ಮುಚ್ಚಿದಾಗ ಅಳದಿದ್ದವಳು ದೇಹೂ ರೋಡ್ ಹತ್ತಿರ ಇದ್ದಕ್ಕಿದ್ದಂತೆ ಅಳತೊಡಗಿದಳು. ಸದ್ದಿಲ್ಲದ ಅಳು, ಭುಜ ಮಾತ್ರ ಕುಲುಕುತ್ತಿತ್ತು. ಮಿಥುನ ಎದ್ದು ಅವಳ ಪಕ್ಕ ನಿಂತ. ಮುಟ್ಟಬಹುದೋ ಬಾರದೋ ತಿಳಿಯದೆ ಸೀಟಿನ ಹಿಡಿಕೆಯನ್ನು ಹಿಡಿದುಕೊಂಡ.

ಪಕ್ಕದಲ್ಲಿ ಕುಳಿತಿದ್ದ ವಯಸ್ಸಾದ ಹೆಂಗಸೊಬ್ಬಳು ನೀರಿನ ಬಾಟಲಿ ಚಾಚಿ, ಏನಾಯಿತು ಮಗಳೇ ಎಂದು ಮರಾಠಿಯಲ್ಲಿ ಕೇಳಿದಳು. ಮನೆಯವರಿಬ್ಬರು ಹೋದರು ಎಂದಳು ದೀಪಾಲಿ. ಹೆಂಗಸು ಲೊಚಗುಟ್ಟಿ ಅವಳ ಬೆನ್ನು ನೇವರಿಸಿದಳು. ಆಮೇಲೆ ತಲೆಯ ಮೇಲೇ ನಿಂತಿದ್ದ ಅಪರಿಚಿತನನ್ನು ಅನುಮಾನದಿಂದ ನೋಡಿ, ಇವನ್ಯಾರು ಎಂದು ಕೇಳಿದಳು.

ದೀಪಾಲಿ ಸೆರಗಿನಿಂದ ಮುಖ ಒರೆಸಿಕೊಂಡಳು.

“ಹೇ ಘರಚೇಚ ಆಹೇತ,” ಎಂದಳು. ಇವರೂ ಮನೆಯವರೇ.

ಹೆಂಗಸು ಸರಿದು ಮಿಥುನನಿಗೆ ಜಾಗ ಬಿಟ್ಟಳು.