ತಗ್ಗಿದ ಭುಜ

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಇದು ನಡೆದದ್ದು ನಡುಹಗಲಲ್ಲಿ, ನಮ್ಮ ಹೊಲಿಗೆ ಅಂಗಡಿಯಲ್ಲಿ. ಕತ್ತರಿ ಹಿಡಿಯುವುದನ್ನೂ ಹಟ ಹಿಡಿಯುವುದನ್ನೂ ನಾನು ಅಮ್ಮನಿಂದ ಕಲಿತದ್ದು ಆ ಕೋಣೆಯಲ್ಲೇ. ಅಮ್ಮ ತೀರಿಕೊಂಡು ವರ್ಷವಾಗಿತ್ತು.

ಬಸ್ ಡ್ರೈವರ್ ಒಬ್ಬರಿಗೆ ಎಡಭುಜ ತಗ್ಗು. ಅಮ್ಮ ಅವರ ಕೋಟಿನೊಳಗೆ ಹತ್ತಿ ತುಂಬಿ ಎರಡೂ ಭುಜ ಸಮ ಮಾಡುತ್ತಿದ್ದಳು. ಈ ಸಲ ಅವರು, "ಹತ್ತಿ ಬೇಡಮ್ಮ. ನನ್ನ ಭುಜ ಇದ್ದ ಹಾಗೇ ಕಾಣಲಿ," ಎಂದರು. ಹಾಗೇ ಹೊಲಿದೆ.

ಊಟ ಮುಗಿಸಿ ಬಂದು ಬೀಗ ತೆಗೆದರೆ ಎಡಭುಜದ ಹೊಲಿಗೆ ಬಿಚ್ಚಿತ್ತು. ಒಳಗೆ ಹತ್ತಿ. ಬಿಚ್ಚಿದ ದಾರ ಅಮ್ಮ ಸುತ್ತಿಡುತ್ತಿದ್ದ ಹಾಗೆ ಪುಟ್ಟ ಉಂಡೆಯಾಗಿತ್ತು. ಅದರ ತುದಿ ಬಾಯಲ್ಲಿಟ್ಟು ತೆಗೆದಂತೆ ಒದ್ದೆಯಾಗಿತ್ತು. ಹತ್ತಿ ಕಿತ್ತು, ನಿಂತುಕೊಂಡೇ ಕೈಯಲ್ಲಿ ಮತ್ತೆ ಹೊಲಿದೆ. ನೀರು ಕುಡಿದು ತಿರುಗುವಷ್ಟರಲ್ಲಿ ಮತ್ತೆ ಬಿಚ್ಚಿತ್ತು. ಮುಟ್ಟಿ ನೋಡಿದರೆ ನನ್ನ ಸ್ಟೂಲು ಬೆಚ್ಚಗಿತ್ತು.

ನನಗೆ ಹೆದರಿಕೆಗಿಂತ ಮೊದಲು ರೇಗಿತು.

"ಅಮ್ಮ, ಹಾಕ್ಕೊಳ್ಳೋರ ಮೈ ನೋಡಿ ಕತ್ತರಿಸು ಅಂತ ನೀನೇ ಇಲ್ಲಿ ಕೂರಿಸಿ ಹೇಳ್ಕೊಟ್ಟೆ. ಅದನ್ನೇ ಮಾಡ್ತಿದೀನಿ. ನೀನು ಎಷ್ಟು ಸಲ ಬಿಚ್ಚಿದ್ರೂ ಅದಕ್ಕಿಂತ ಒಂದು ಸಲ ಜಾಸ್ತಿ ಹೊಲೀತೀನಿ."

ಬೆಚ್ಚಗಿದ್ದ ಸ್ಟೂಲಿನ ಮೇಲೇ ಕೂತೆ. ಮೆಷಿನ್ನಿನ ಪೆಡಲು ಇನ್ನೊಂದು ಪಾದ ಅಡ್ಡ ಕೊಟ್ಟ ಹಾಗೆ ಭಾರವಾಗಿತ್ತು. ಬಿಡದೆ ತುಳಿದೆ. ಕೊನೆಗೆ ಸಡಿಲವಾಯಿತು.

ಸಂಜೆ ಕೋಟು ತೊಟ್ಟು ನೋಡಲು ಡ್ರೈವರ್ ಬಂದರು. ತಗ್ಗಿದ ಭುಜಕ್ಕೆ ಅದು ಅಚ್ಚುಕಟ್ಟಾಗಿ ಕೂತಿತು. ಕನ್ನಡಿಯಲ್ಲಿ ನೋಡಿಕೊಂಡು ನಕ್ಕರು, ಗುಂಡಿ ಹಾಕಿಕೊಂಡು ಹಾಗೇ ಹೊರಟುಬಿಟ್ಟರು.

ಅವರು ರಸ್ತೆ ದಾಟಿದ ಮೇಲೆ ನನಗೆ ನೆನಪಾಯಿತು: ಆ ಕೋಟಿಗೆ ನಾನಿನ್ನೂ ಗುಂಡಿ ಹಚ್ಚಿರಲಿಲ್ಲ.