ಗಾರೆ ಮೆತ್ತದ ಜಾಗ

"ಬಾಗಿಲ ಹತ್ರ ಏನೇ ಅದು ಸದ್ದು, ಲುಲುವಾ?"

"ಏನಿಲ್ಲ ಅಜ್ಜಿ, ಕಸ ಗುಡಿಸ್ತಿದೀನಿ."

ಹಸಿ ಸುಳ್ಳು. ಲುಲುವಾ ಮೊಣಕೈವರೆಗೆ ಗಾರೆ ಮಾಡಿಕೊಂಡು ಸ್ಟೂಲಿನ ಮೇಲೆ ನಿಂತಿದ್ದಳು. ಬಾಗಿಲಿನ ಎದುರು ಗೋಡೆಯಲ್ಲಿ ಒಂದು ಮೊಳದಗಲದ ಜಾಗ ಗಾರೆಯಿಲ್ಲದೆ, ಇಟ್ಟಿಗೆ ಕಾಣುತ್ತ ಬೋಳಾಗಿತ್ತು. ಬಾಗ್ದಾದಿನ ಆ ಬೀದಿಯಲ್ಲಿ ಯೆಹೂದಿಗಳ ಹಳೆಯ ಮನೆಗಳೆಲ್ಲ ಹಾಗೇ. ಹೊಸ ಬಡಾವಣೆಯ ಬಂಗಲೆಯಲ್ಲಿರುವ ಬಹೀಜಾಗೆ ಅದು ಹೇಗೆ ಗೊತ್ತಾಗಬೇಕು? "ಲುಲುವಾ ಮನೇಲಿ ಗಾರೆಗೂ ಗತಿ ಇಲ್ವಂತೆ ಪಾಪ" ಎಂದು ನಿನ್ನೆ ಇಡೀ ಕ್ಲಾಸಿನ ಮುಂದೆ ಆಡಿಕೊಂಡಿದ್ದಳು. ಸಾಲದ್ದಕ್ಕೆ, "ನಾಳೆ ಟೀಗೆ ನಾನೇ ಬಂದು ನೋಡ್ತೀನಿ" ಎಂದೂ ಹೇಳಿದ್ದಳು.

ಅಪ್ಪ ಅಮ್ಮ ಮದುವೆಗೆಂದು ಬಸ್ರಾಗೆ ಹೋಗಿದ್ದರು. ಅಜ್ಜಿಗೋ ಕಣ್ಣು ಮಂಜು. ಪಕ್ಕದ ಮನೆ ರಿಪೇರಿಗೆ ಬಂದಿದ್ದ ಮೇಸ್ತ್ರಿಯನ್ನು ಕಾಡಿ ಬೇಡಿ ಒಂದು ಬಾಣಲಿ ಗಾರೆ ತಂದು, ಆ ಜಾಗ ಮುಚ್ಚಿ, ಮೇಲೆ ಇಡೀ ಗೋಡೆಗೆ ಸುಣ್ಣ ಬಳಿದುಬಿಟ್ಟಳು. ಸುಡು ಬಿಸಿಲಿಗೆ ಮಧ್ಯಾಹ್ನದೊಳಗೆ ಎಲ್ಲ ಒಣಗಿತು.

ಬಹೀಜಾ ಬಂದಳು. ಖರ್ಜೂರದ ಬಿಸ್ಕತ್ತು ತಿಂದಳು, ತನ್ನ ಹೊಸ ಶೂ ಬಗ್ಗೆ ಕೊರೆದಳು, ಹೋದಳು. ಗೋಡೆಯ ಕಡೆ ತಿರುಗಿಯೂ ನೋಡಲಿಲ್ಲ.

ಸಂಜೆ ಅಜ್ಜಿ ಪ್ರಾರ್ಥನೆಗೆ ಎದ್ದರು. ಆ ಒರಟು ಇಟ್ಟಿಗೆ ಮುಟ್ಟಿ, ಬೆರಳಿಗೆ ಮುತ್ತಿಟ್ಟು, ಆಮೇಲೆ ದೇವರನ್ನು ನೆನೆಯುವುದು ಅವರ ರೂಢಿ. ಇವತ್ತು ಅವರ ಕೈ ಗೋಡೆಯ ಮೇಲೆ ಆಚೆ ಈಚೆ ಹುಡುಕಾಡಿತು. ಎಲ್ಲ ಕಡೆ ನುಣುಪು.

ಲುಲುವಾ ಆ ಕೈ ಹಿಡಿದುಕೊಂಡಳು. "ನಾನೇ ಮುಚ್ಚಿದ್ದು ಅಜ್ಜಿ. ಬಹೀಜಾ ಆಡ್ಕೋತಾಳೆ ಅಂತ..."

ಅಜ್ಜಿ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ಜೆರೂಸಲೇಮಲ್ಲಿ ನಮ್ಮ ದೇವಸ್ಥಾನ, ದೇವರ ಮನೇನೇ ಬಿದ್ದುಹೋಗಿದೆ, ಮಗಾ. ನಮ್ಮೋರನ್ನ ಸೆರೆ ಹಿಡಿದು ಅಲ್ಲಿಂದ ಎಳ್ಕೊಂಡು ಬಂದು ಎಷ್ಟು ಕಾಲ ಆಯ್ತೋ. ಇಲ್ಲಿ ಚೆನ್ನಾಗೇ ಇದೀವಿ. ನಂಗೆ ಅದೇ ಭಯ. ಚೆನ್ನಾಗಿದ್ರೆ ಮರ್ತುಹೋಗುತ್ತೆ. ಅದು ಮತ್ತೆ ಏಳೋವರೆಗೂ ನಮ್ಮನೆ ಮುಗಿದಿಲ್ಲ ಅಂತ ನೆನಪಿರ್ಲಿ, ಅದಕ್ಕೇ ಆ ಜಾಗ ಹಾಗೇ ಬಿಡೋದು."

"ಈಗ್ಲೇ ಕೆರೆದು ತೆಗೀತೀನಿ ಅಜ್ಜಿ."

"ತೆಗಿ. ಎಲ್ಲಿತ್ತು, ತೋರಿಸು."

ಲುಲುವಾ ಚಮಚ ಹಿಡಿದು ಗೋಡೆಯ ಮುಂದೆ ನಿಂತಳು. ಇಲ್ಲೋ? ಅಥವಾ ಇನ್ನೂ ಸ್ವಲ್ಪ ಮೇಲೋ? ಹುಟ್ಟಿದಾಗಿನಿಂದ ನೋಡಿದ ಜಾಗ. ಬೆಳಿಗ್ಗೆ ತಾನೇ ಕಣ್ಣೆದುರು ಇತ್ತು. ಆ ಬಿಳಿ ಗೋಡೆಯಲ್ಲಿ ಅದು ಎಲ್ಲಿತ್ತು ಅನ್ನುವುದೇ ಅವಳಿಗೆ ನೆನಪಾಗಲಿಲ್ಲ.