ಅವಳ ಪಾಲಿನ ಕಲ್ಲುಮ್ಮಕ್ಕಾಯ

“ನಿಮಗೆ... ಮದ್ವೆ ಆಗಿದ್ಯಾ?”

ಊಟಕ್ಕೆ ಕೂತ ಅಪರಿಚಿತನಿಗೆ ನಿವೇತಾ ಕೇಳಿದ ಮೊಟ್ಟಮೊದಲ ಪ್ರಶ್ನೆ ಇದು! ಕೇಳಿದವಳ ಕೆನ್ನೆ ಕೆಂಪಾಯಿತು. ಕೇಳಿಸಿಕೊಂಡವನ ಕೈಯಲ್ಲಿದ್ದ ನೀರಿನ ಲೋಟ ತುಟಿಯ ಹತ್ತಿರವೇ ನಿಂತುಬಿಟ್ಟಿತು.

ತಪ್ಪು ಅವಳದಲ್ಲ. ಗೂಡಲೂರಿನ ಕಮಲಂ ಮೆಸ್ಸಿನ ಕಾನೂನೇ ಹಾಗಿತ್ತು.

ಪ್ರತಿ ಗುರುವಾರ ಕೋಳಿಕ್ಕೋಡಿನ ಮೀನಿನ ವ್ಯಾನಿನಲ್ಲಿ ಕಲ್ಲುಮ್ಮಕ್ಕಾಯ ಬರುತ್ತಿತ್ತು. ಕಡಲ ಬಂಡೆಗೆ ಅಂಟಿಕೊಂಡು ಬೆಳೆಯುವ ಕಪ್ಪು ಚಿಪ್ಪಿನ ಜೀವ ಅದು. ಮೆಣಸು, ಕರಿಬೇವು, ತೆಂಗಿನಕಾಯಿ ಚೂರು ಹಾಕಿ ಕಮಲಂ ಅದನ್ನು ಹುರಿದರೆ ಬಸ್ ಸ್ಟ್ಯಾಂಡಿನಲ್ಲಿ ಕೂತವರಿಗೂ ಬಾಯಲ್ಲಿ ನೀರೂರುತ್ತಿತ್ತು. ಆದರೆ ಬ್ರಹ್ಮಚಾರಿಗಳಿಗೆ ಮಾತ್ರ ಒಂದು ಚೂರೂ ಇಲ್ಲ! ಕಮಲಂ ತವರು ಕೋಳಿಕ್ಕೋಡಿನ ಕಡೆ ಅತ್ತೆಯರು ಹೊಸ ಅಳಿಯನಿಗೆಂದೇ ಮಾಡಿ ಬಡಿಸುವ ತಿನಿಸಂತೆ ಅದು.

“ಅಳಿಯನಿಗೇ ಯಾಕೆ ಚೇಚಿ?” ಎಂದು ಕೆಲಸಕ್ಕೆ ಸೇರಿದ ಆ ಬೆಳಿಗ್ಗೆ ನಿವೇತಾ ಕೇಳಿದ್ದಳು, ಪಾಪ. ಕಮಲಂ ಎಲ್ಲರಿಗೂ ಚೇಚಿ, ಅಂದರೆ ಅಕ್ಕ; ಅವಳಿಗೆ ಎಲ್ಲರೂ ಮೋಳೇ, ಮೋನೇ, ಅಂದರೆ ಮಗಳೇ, ಮಗನೇ.

“ಮದ್ವೆ ಆದ್ಮೇಲೆ ನಿಂಗೇ ತಿಳಿಯತ್ತೆ ಮೋಳೇ,” ಎಂದು ಕಮಲಂ ಕಣ್ಣು ಮಿಟುಕಿಸಿದ್ದಳು. “ಒಂಟಿ ಗಂಡಿಗೆ ಇದನ್ನ ತಿನ್ಸಿದ್ರೆ, ಆ ಬಿಸಿ ತಗೊಂಡು ಅವ್ನು ಎಲ್ಲಿಗೆ ಹೋಗ್ಬೇಕು? ರಾತ್ರಿಯೆಲ್ಲ ಘಾಟಿ ಹತ್ತಿ ಇಳೀಬೇಕಷ್ಟೆ!”

ಮೂಲೆಯ ಮೇಜಿನ ಮುದುಕ ಕೃಷ್ಣನ್ ಆಗ ಗಂಭೀರವಾಗಿ ಹೇಳಿದ್ದ: “ನಂಗೆ ಅರ್ಧ ಪ್ಲೇಟ್ ಸಾಕಮ್ಮ. ಮನೇಲಿ ಅವ್ಳಿಗೆ ಮಂಡಿನೋವು.”

ಇಡೀ ಮೆಸ್ಸು ಬಿದ್ದು ಬಿದ್ದು ನಕ್ಕಿತ್ತು. ನಿವೇತಾ ಅಡುಗೆಮನೆಗೆ ಓಡಿಹೋಗಿದ್ದಳು.

ಈಗ ಆ ಪ್ರಶ್ನೆಯನ್ನು ಅವಳೇ ಕೇಳಬೇಕಾಗಿ ಬಂದಿತ್ತು. ಅಪರಿಚಿತ ಸುತ್ತ ನೋಡಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಮೂಗಿಗೆ ಘಮ ಬಡಿಯುತ್ತಿತ್ತು.

“ಆಗಿದೆ,” ಎಂದ. “ಒಂದು ಪ್ಲೇಟ್ ಕೊಡಿ.”

*ಆಗಿದ್ಯಂತೆ...* ಯಾರೋ ಏನೋ ಗೊತ್ತಿಲ್ಲದವನ ಮಾತಿಗೆ ತನ್ನ ಎದೆ ಯಾಕೆ ಚುರ್ ಎನ್ನಬೇಕು? ಅವಳಿಗೆ ಅರ್ಥವಾಗಲಿಲ್ಲ.

“ಮಾತು ಕೇಳಿದ್ರೆ ನಮ್ಮ ಊಟಿ ಬೆಟ್ಟದವ್ರ ಹಾಗಿದೆ?” ಎಂದು ಅವನೇ ಕೇಳಿದ.

“ಹ್ಞೂಂ, ನಮ್ಮೂರು ಕಟ್ಟಬೆಟ್ಟು.”

“ನಾನು ತುಮ್ಮನಟ್ಟಿ. ಸೆಲ್ವಕುಮಾರ್. ತರಕಾರಿ ಲಾರಿ ಓಡಿಸ್ತೀನಿ.”

ಎಲ್ಲ ತಿಂದು ಕೊನೆಯ ಒಂದು ಚಿಪ್ಪನ್ನು ಮಾತ್ರ ಅವನು ತಿನ್ನದೆ ತಟ್ಟೆಯ ಅಂಚಿಗೆ ಇಟ್ಟ.

“ಯಾಕೆ, ಚೆನ್ನಾಗಿಲ್ವಾ?”

“ಚೆನ್ನಾಗಿದೆ. ಅದು ಅವಳ ಪಾಲು,” ಎಂದು ನಕ್ಕು ಹೊರಟುಹೋದ.

ಅಂದಿನಿಂದ ಗುರುವಾರ ತಪ್ಪದೆ ಅವನ ಲಾರಿ ಮೆಸ್ಸಿನ ಮುಂದೆ ನಿಲ್ಲತೊಡಗಿತು, ತಟ್ಟೆಯ ಅಂಚಿನಲ್ಲಿ ಒಂದು ಚಿಪ್ಪು ಉಳಿಯತೊಡಗಿತು. ಕಮಲಂ ಬಿಡುವವಳೇ?

“ಏನು ಮೋನೇ, ವಾರಾ ವಾರಾ ತಿಂತೀಯ, ಇನ್ನೂ ವಿಶೇಷ ಇಲ್ವಾ? ನಮ್ಮ ಮೀನಿನ ವ್ಯಾನಿನ ಬಾಲಸುಬ್ರಮಣಿಯನ್ ಎರಡೇ ಪ್ಲೇಟ್ ತಿಂದಿದ್ದು, ಅವಳಿ ಮಕ್ಕಳು!”

ಸೆಲ್ವನಿಗೆ ಕೆಮ್ಮು ಬಂತು. “ಅವಳು... ತವರಿಗೆ ಹೋಗಿದಾಳೆ ಚೇಚಿ.”

“ಹೆಂಗಿದಾಳೆ ನೋಡೋಕೆ?”

ಅವನು ಅಡುಗೆಮನೆಯ ಕಡೆ ಒಮ್ಮೆ ನೋಡಿ ಹೇಳಿದ. ಈರುಳ್ಳಿ ಹೆಚ್ಚುವಾಗ ಗುನುಗುತ್ತಾಳಂತೆ. ಸಿಟ್ಟು ಬಂದರೆ ಸೆರಗನ್ನು ಸೊಂಟಕ್ಕೆ ಇನ್ನೊಮ್ಮೆ ಸಿಕ್ಕಿಸುತ್ತಾಳಂತೆ. ಯಾರಾದರೂ ಹೊಗಳಿದರೆ ಮುಖ ಆ ಕಡೆ ತಿರುಗಿಸುತ್ತಾಳಂತೆ.

ಅಡುಗೆಮನೆಯಲ್ಲಿ ಕೇಳಿಸಿಕೊಳ್ಳುತ್ತಿದ್ದ ನಿವೇತಾಳಿಗೆ ಹೊಟ್ಟೆಯುರಿ. ಸೆರಗನ್ನು ಸೊಂಟಕ್ಕೆ ಇನ್ನೊಮ್ಮೆ ಸಿಕ್ಕಿಸಿಕೊಂಡು, *ಎಷ್ಟು ಪುಣ್ಯ ಮಾಡಿದ್ದಳೋ ಆ ಮಹಾತಾಯಿ!* ಎಂದುಕೊಂಡಳು.

ಪ್ರೀತಿ ಕುರುಡು ಅನ್ನುತ್ತಾರಲ್ಲ, ನಮ್ಮ ನಿವೇತಾಳ ಪ್ರೀತಿಗೆ ಕಿವಿಯೂ ಕೇಳಿಸುತ್ತಿರಲಿಲ್ಲ.

ಒಂದು ಗುರುವಾರ ತಟ್ಟೆ ಎತ್ತಿಕೊಂಡು ಹೋದವಳು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಅಂಚಿನಲ್ಲಿ ಉಳಿದಿದ್ದ ಆ ಒಂದನ್ನು ಬಾಯಿಗೆ ಹಾಕಿಕೊಂಡಳು. ಖಾರ, ಉಪ್ಪು, ಕಡಲಿನ ವಾಸನೆ... ಅವಳ ಕಣ್ಣು ತುಂಬಿ ಬಂತು. ಇನ್ನೊಬ್ಬಳ ಪಾಲಿಗೆ ಕೈ ಹಾಕಿದೆನಲ್ಲ! ಆ ಚಿಪ್ಪನ್ನು ಎಸೆಯಲೂ ಮನಸ್ಸಾಗದೆ ತೊಳೆದು ಉಪ್ಪಿನ ಜಾಡಿಯ ಹಿಂದೆ ಮುಚ್ಚಿಟ್ಟಳು.

ಮುಂದಿನ ಗುರುವಾರ ಸೆಲ್ವ ತಟ್ಟೆ ಕೇಳಲಿಲ್ಲ. ಹಿತ್ತಲ ಬಾಗಿಲಿಗೇ ಬಂದ. ಕೈಯಲ್ಲಿ ತುಮ್ಮನಟ್ಟಿಯ ಎಳೆ ಕ್ಯಾರೆಟ್ ಕಟ್ಟು.

“ನಿವೇತಾ, ನಿಮ್ಮ ಹತ್ರ ಒಂದು ಮಾತು...”

“ಏನೂ ಬೇಡ!” ಅವಳು ಬಾಗಿಲಿಗೆ ಕೈ ಹಾಕಿದಳು. “ಮನೇಲಿ ಹೆಂಡ್ತಿ ಇಟ್ಕೊಂಡು ನನ್ನ ಹತ್ರ ಏನು ಮಾತು? ನಾನು ಅಂಥವಳಲ್ಲ. ದಯವಿಟ್ಟು ಇನ್ನು ಈ ಕಡೆ ಬರಬೇಡಿ!”

“ನಾನು ಹೇಳೋದನ್ನ...”

ಬಾಗಿಲು ಮುಚ್ಚಿತು. ಅವಳು ಅದಕ್ಕೇ ಒರಗಿ ನಿಂತು, ಲಾರಿಯ ಸದ್ದು ಊಟಿ ರಸ್ತೆಯಲ್ಲಿ ಕರಗುವವರೆಗೂ ಅತ್ತಳು.

ಅವನು ಮತ್ತೆ ಬರಲಿಲ್ಲ.

ವರ್ಷಗಳು ಉರುಳಿದವು. ಕಮಲಂ ಕಣ್ಣು ಮಂಜಾಗಿ, ಸೌಟು ನಿವೇತಾಳ ಕೈಗೆ ಬಂತು. ಗುರುವಾರದ ಘಮ ಮಾತ್ರ ಹಾಗೇ ಇತ್ತು. ಆ ಘಮ ಎದ್ದಾಗಲೆಲ್ಲ ಕಿಟಕಿಯ ಪಕ್ಕದ ಮೇಜು, ನೀರಿನ ಲೋಟ, ಆ ತುಂಟ ನಗು ಕಣ್ಣ ಮುಂದೆ ಬರುತ್ತಿದ್ದವು. ಕೃಷ್ಣನ್ ಅಜ್ಜನ ಅರ್ಧ ಪ್ಲೇಟೂ ಈಗ ಇರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಆತ ಬರೀ ಗಂಜಿ ಕುಡಿದು ಹೋಗುತ್ತಿದ್ದ.

ಈ ಗುರುವಾರ ಬೆಳಿಗ್ಗೆಯೇ ಅವ್ವೆಯ ಫೋನ್ ಬಂದಿತ್ತು. “ಭಾನುವಾರ ಗಂಡಿನ ಕಡೆಯವ್ರು ಬರ್ತಾರೆ. ಸಂಜೆ ಒಳಗೆ ಹ್ಞೂಂ ಅನ್ನು ನಿವೇತಾ. ಎಷ್ಟು ದಿನ ಹೀಗೇ ಇರ್ತೀಯ?”

*ಹ್ಞೂಂ ಅಂದುಬಿಡಲೇ?* ಯಾರಿಗಾಗಿ ಕಾಯುವುದು? ಇನ್ನೊಬ್ಬಳ ಗಂಡನಿಗಾಗಿಯೇ?

ಅಷ್ಟರಲ್ಲಿ ಕಿಟಕಿಯ ಪಕ್ಕದ ಕುರ್ಚಿ ಸರಿದ ಸದ್ದಾಯಿತು.

ತಿರುಗಿದಳು. ಕೈಯಲ್ಲಿದ್ದ ಸೌಟು ಬಾಣಲೆಯೊಳಗೆ ಬಿತ್ತು.

ಕಿವಿಯ ಪಕ್ಕ ಎರಡು ಬಿಳಿಕೂದಲು. ಆದರೆ ಅದೇ ಕಣ್ಣು! ಅವಳು ಮೇಜಿನ ಹತ್ತಿರ ಹೋದಳು. ಗಂಟಲಿನಿಂದ ಹೊರಟಿದ್ದು ಮೆಸ್ಸಿನ ಹಳೆಯ ಪ್ರಶ್ನೆಯೇ.

“ಮದ್ವೆ... ಆಗಿದ್ಯಾ?”

“ಇಲ್ಲ,” ಎಂದ ಸೆಲ್ವ. “ಆವತ್ತೂ ಆಗಿರ್ಲಿಲ್ಲ.”

“ಮತ್ತೆ... ನಿಮ್ಮ ಹೆಂಡ್ತಿ?”

“ಘಮಕ್ಕೆ ಸೋತು ಒಂದು ಸುಳ್ಳು ಹೇಳ್ದೆ ನಿವೇತಾ. ನಿಜ ಹೇಳಿದ್ರೆ ಚೇಚಿ ಮೆಸ್ಸಿಗೇ ಸೇರಿಸಲ್ಲ, ನಿಮ್ಮನ್ನ ನೋಡೋಕಾಗಲ್ಲ ಅಂತ ಸುಳ್ಳಿನ ಮೇಲೆ ಸುಳ್ಳು. ಹೆಂಡ್ತಿ ಹೆಂಗಿದಾಳೆ ಅಂದ್ರೆ ಏನಂತ ಹೇಳ್ಲಿ? ಕಣ್ಣೆದುರಿಗೆ ಇದ್ದವಳನ್ನೇ ನೋಡಿ ಹೇಳ್ದೆ. ಎಲ್ಲಾ ಒಪ್ಕೊಳ್ಳೋಣ ಅಂತ ಬಂದ ದಿನ ಬಾಗಿಲು ಹಾಕಿದ್ರಿ. ಹೆಂಡ್ತಿ ಅನ್ನೋದು ಬರೀ ನೆಪ, ನನ್ನ ಮನಸ್ಸು ಗೊತ್ತಾಗಿಯೇ ಬೇಡ ಅಂದ್ರೇನೋ ಅಂದ್ಕೊಂಡೆ.”

ಈರುಳ್ಳಿ... ಸೆರಗು... ತಿರುಗುವ ಮುಖ... ನಿವೇತಾಳಿಗೆ ಈಗ ಒಂದೊಂದೇ ಹೊಳೆಯಿತು. *ಅಯ್ಯೋ ಪೆದ್ದಿ! ಇಷ್ಟು ವರ್ಷ ನನ್ನ ಮೇಲೇ ನಾನು ಹೊಟ್ಟೆ ಉರ್ಕೊಂಡ್ನಾ?*

“ಹೋದ ವಾರ ಊಟಿ ಕಣ್ಣಾಸ್ಪತ್ರೇಲಿ ಇವನವ್ವೆ ಸಿಕ್ಕಿದ್ಲು,” ಎಂದು ಒಳಗಿನಿಂದ ಕಮಲಂ ಕೂಗಿದಳು. “ಮಗ ಯಾವ ಹೆಣ್ಣನ್ನೂ ಒಪ್ಪಲ್ಲ ಅಂತ ಗೋಳೋ ಅಂತಿದ್ಲು. ಕಣ್ಣು ಮಂಜಾದ್ರೂ ಪಕ್ಕದಲ್ಲಿದ್ದ ಕಳ್ಳನ ಗುರುತು ಸಿಗಲ್ವಾ? ಬಾ ಗುರುವಾರ, ತಿಂದಿದ್ದಕ್ಕೆಲ್ಲ ಉತ್ತರ ಹೇಳು ಅಂದೆ! ಮೋಳೇ, ಬ್ರಹ್ಮಚಾರಿಗೆ ಗಂಜಿ ಬಡಿಸು!”

ಕೃಷ್ಣನ್ ಅಜ್ಜ ಬಹಳ ದಿನಗಳ ಮೇಲೆ ನಕ್ಕ.

ನಿವೇತಾ ಒಳಗೆ ಹೋಗಿ, ಉಪ್ಪಿನ ಜಾಡಿಯ ಹಿಂದಿನ ಚಿಪ್ಪನ್ನು ತಂದು ಮೇಜಿನ ಮೇಲಿಟ್ಟಳು. ಕಣ್ಣೀರು ತಡೆಯಲಾಗಲಿಲ್ಲ.

“ನಾನೂ ಒಂದು ಒಪ್ಕೋಬೇಕು. ನಿಮ್ಮ ಹೆಂಡ್ತಿ ಪಾಲನ್ನ ಒಂದ್ಸಲ ನಾನು ತಿಂದ್ಬಿಟ್ಟಿದ್ದೆ.”

ಸೆಲ್ವ ಆ ಕಪ್ಪು ಚಿಪ್ಪನ್ನು ಅಂಗೈಯಲ್ಲಿ ತೆಗೆದುಕೊಂಡ. ಅವನ ಕಣ್ಣೂ ಒದ್ದೆಯಾಗಿತ್ತು.

“ಒಂದೇ ಸಲಾನಾ? ನಾನು ವಾರಾ ವಾರಾ ನಿನಗೇ ಅಂತ ಬಿಡ್ತಿದ್ದೆ.”

ಅವಳು ಅಳುತ್ತಲೇ ನಕ್ಕು ಮುಖವನ್ನು ಆ ಕಡೆ ತಿರುಗಿಸಿದಳು. ಆಮೇಲೆ ಫೋನ್ ತೆಗೆದು ಅವ್ವೆಗೆ ಮಾಡಿದಳು.

“ಅವ್ವೇ, ಭಾನುವಾರದವ್ರಿಗೆ ಬೇಡ ಅನ್ನು... ಇಲ್ಲಾವ್ವೆ, ಮದ್ವೆ ಬೇಡ ಅಂತಲ್ಲ. ತುಮ್ಮನಟ್ಟಿಯಿಂದ ಬರ್ತಾರೆ.”

ಸೆಲ್ವ ಮೆಲ್ಲಗೆ ಕೇಳಿದ: “ಹಾಗಾದ್ರೆ ನನ್ನ ಪ್ಲೇಟು?”

“ಇವತ್ತು ಗಂಜಿ ಕುಡಿ,” ಎಂದಳು ನಿವೇತಾ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ. “ಅದನ್ನ ಮದ್ವೆ ಆದ್ಮೇಲೆ ನಾನೇ ಬಡಿಸ್ತೀನಿ.”